ಯಂತ್ರಕ್ಕೆ ಕಟ್ಟಿದ ಟವೆಲ್

ಕಚೇರಿಯಲ್ಲಿ ಅವಳಿಗೆ ತಕ್ಕಡಿ ಮೇಡಂ ಎಂದೇ ಹೆಸರು. ಗಾಳಿಯನ್ನು ತೂಗುವವಳಿಗೆ ಇನ್ನೇನು ಹೆಸರಿಟ್ಟಾರು? ಊರಿನಲ್ಲಿ ಅಲ್ಲಲ್ಲಿ ತಾರಸಿಗಳ ಮೇಲೆ ಸರ್ಕಾರದ ಯಂತ್ರಗಳು ನಿಂತಿವೆ. ಒಂದು ಹಗಲು ಒಂದು ರಾತ್ರಿ ಅವು ಗಾಳಿಯನ್ನು ಎಳೆದು ಬಿಳಿಯ ಹಾಳೆಯೊಂದರ ಮೂಲಕ ಸೋಸುತ್ತವೆ. ಧೂಳು ಹಾಳೆಯಲ್ಲಿ ಉಳಿಯುತ್ತದೆ. ಹೋಗುವ ಮುಂಚೆ ಹಾಳೆಯ ತೂಕ, ಬಂದ ಮೇಲೆ ಹಾಳೆಯ ತೂಕ, ನಡುವಿನ ವ್ಯತ್ಯಾಸವೇ ಜನ ಉಸಿರಾಡಿದ ಧೂಳು. ಇಷ್ಟೇ ಕೆಲಸ. ಆದರೆ ಈ ಇಷ್ಟೇ ಕೆಲಸಕ್ಕಾಗಿ ಅವಳು ಮುಖಕ್ಕೆ ಪೌಡರ್ ಹಚ್ಚುವುದನ್ನು ಬಿಟ್ಟು ವರ್ಷಗಳೇ ಆಗಿವೆ. ತೂಕದ ಕೋಣೆಯಲ್ಲಿ ಫ್ಯಾನ್ ಇಲ್ಲ, ಮಾತಿಲ್ಲ, ಸೀನು ಬಂದರೆ ಆಚೆ ಓಡಬೇಕು. ಒಮ್ಮೆ ಮೇಲಧಿಕಾರಿ ಒಳಗೆ ಬಂದು ಆಕಳಿಸಿದಾಗ ಅವರನ್ನೂ ಹೊರಗೆ ಕಳಿಸಿದ್ದಳು. ಆ ವಿಷಯದಲ್ಲಿ ಅವಳದು ಯಾರ ಮುಲಾಜೂ ಇಲ್ಲದ ಸ್ವಭಾವ.

ಅವಳ ತಂಗಿಯ ಮಗಳಿಗೆ ಉಬ್ಬಸ. ಕಸ ಗುಡಿಸಿದರೂ ಸಾಕು, ಮಗುವಿನ ಎದೆ ಸುಂಯ್‌ಗುಟ್ಟುತ್ತದೆ. ಗಾಳಿ ಚೆನ್ನಾಗಿರುವ ಕಡೆ ಮನೆ ಮಾಡಿ ಎಂದು ಹೇಳಿ ಡಾಕ್ಟರು ಕೈತೊಳೆದುಕೊಂಡರು. ತಂಗಿ ಅಕ್ಕನ ಬೆನ್ನು ಹತ್ತಿದಳು.

"ಅಕ್ಕ, ನಿನಗೆ ಗೊತ್ತಿಲ್ಲದ ಗಾಳಿ ಈ ಊರಲ್ಲಿ ಯಾವುದಿದೆ? ನೀನು ಎಲ್ಲಿ ಅಂತೀಯೋ ಅಲ್ಲಿಗೆ ಗಂಟುಮೂಟೆ ಕಟ್ಟುತ್ತೀನಿ."

ಆರೋಗ್ಯ ಕೇಂದ್ರದ ತಾರಸಿಯಿಂದ ಬರುವ ಹಾಳೆಗಳು ಬೇಸಿಗೆಯುದ್ದಕ್ಕೂ ಬೆಳ್ಳಗೇ ಬಂದಿದ್ದವು. "ಅಲ್ಲೇ ಸುತ್ತಮುತ್ತ ನೋಡು" ಎಂದಳು ಅಕ್ಕ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಆಗ ನೆನಪಾಗಬೇಕಿತ್ತು, ಆಗಲಿಲ್ಲ. ತಂಗಿಯೋ, ಗಂಡನನ್ನು ಒಪ್ಪಿಸಿ, ಮಗುವಿನ ಶಾಲೆ ಬದಲಿಸಿ, ಇರುವ ಮನೆಯನ್ನು ಬಿಡುತ್ತೇವೆಂದು ಮಾಲೀಕರಿಗೆ ಹೇಳಿಯೂಬಿಟ್ಟಳು.

ಭಾನುವಾರ ಇಬ್ಬರೂ ಹೊಸ ಮನೆ ನೋಡಲು ಹೋದರು. ಬೀರು ಎಲ್ಲಿ ಕೂರುತ್ತದೆಂದು ತಂಗಿ ಗೇಣು ಹಾಕಿ ಅಳೆಯುತ್ತಿದ್ದಾಗ ಅಕ್ಕ ತಾರಸಿ ಹತ್ತಿದಳು. ಮೋಟುಗೋಡೆಯ ಮೇಲೆ ಕೈಯೂರಿದಳು. ಅಂಗೈ ಕಪ್ಪಗಾಯಿತು. ತಲೆಯೆತ್ತಿ ನೋಡಿದಳು. ರಸ್ತೆಯಾಚೆ ಆರೋಗ್ಯ ಕೇಂದ್ರ. ಅದರ ತಾರಸಿಯ ಮೇಲೆ ಅವಳ ಯಂತ್ರ, ಚಳಿಗೆ ತಲೆಗೆ ಮಫ್ಲರ್ ಕಟ್ಟಿಕೊಂಡ ಮುದುಕನ ಹಾಗೆ, ತೆಳ್ಳನೆಯ ಟವೆಲೊಂದನ್ನು ಸುತ್ತಿಕೊಂಡು ನಿಂತಿತ್ತು.

ದಡದಡ ಇಳಿದು ರಸ್ತೆ ದಾಟಿದಳು. ಆರೋಗ್ಯ ಕೇಂದ್ರದ ವಾಚ್‌ಮನ್ ವಯಸ್ಸಾದ ಮನುಷ್ಯ. ಇವಳು ಯಾವ ಕಚೇರಿಯವಳೆಂದು ತಿಳಿದದ್ದೇ ತಾನೇ ಮುಂದಾಗಿ ಮೇಲೆ ಕರೆದೊಯ್ದ.

"ಇದನ್ನ ಕಟ್ಟಿದ್ದು ಯಾರು?"

"ನಾನೇ ಮೇಡಂ" ಎಂದ, ಶಹಬ್ಬಾಸ್ ಸಿಗುತ್ತದೆಂಬ ಮುಖದಲ್ಲಿ. "ಯಂತ್ರ ಕೂರಿಸಿದೋರು ಒಳಗೆ ಒಂದು ಚೂರೂ ಧೂಳು ಹೋಗಬಾರದು ಅಂತ ಹೇಳಿ ಹೋಗಿದ್ರು. ಬೇಸಿಗೆ ಶುರುವಾದಾಗಿಂದ ಲಾರಿ ಓಡಾಟ ಜಾಸ್ತಿ. ಪಾಪ, ಇದೂ ಎಷ್ಟು ಅಂತ ಕುಡಿಯುತ್ತೆ?"

ಅವರು ಹೇಳಿದ್ದು ಪಕ್ಕದ ಕರೆಂಟ್ ಪೆಟ್ಟಿಗೆಯ ಮಾತು, ಇವನು ಅದನ್ನು ಯಂತ್ರಕ್ಕೇ ಅಂದುಕೊಂಡಿದ್ದ.

"ಹಾಳೆ ಬದಲಾಯಿಸೋನು ಬಂದಾಗ ಇದು ಕಾಣಲಿಲ್ವಾ?"

"ಅವರು ಬರೋ ಹೊತ್ತಿಗೆ ಬಿಚ್ಚಿಡ್ತೀನಲ್ಲ. ಸರ್ಕಾರದ ಯಂತ್ರಕ್ಕೆ ಹಳೇ ಟವೆಲ್ ಕಟ್ಟಿದ್ದೀಯಾ ಅಂತ ಬೈದರೆ?"

ಮಹಾರಾಯ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಅವಳಿಗೆ ಮೈಯೆಲ್ಲ ಉರಿಯಿತು, ಆದರೆ ಬೈಯುವುದು ಯಾರನ್ನು? ಒಂದು ದಿನವಾದರೂ ಇಲ್ಲಿಗೆ ಬಂದು ನೋಡದೆ ನಾಲ್ಕು ಗೋಡೆಯೊಳಗೆ ಕೂತು ಮೇಲಧಿಕಾರಿಯ ಆಕಳಿಕೆಯಿಂದ ತಕ್ಕಡಿ ಕಾದವಳು ತಾನೇ.

ಟವೆಲ್ ಕೇಳಿ ತೆಗೆದುಕೊಂಡು ಬಂದು, ಹೊಸ ಮನೆಯ ಬಚ್ಚಲಲ್ಲಿದ್ದ ಬಕೆಟ್ಟಿಗೆ ನೀರು ತುಂಬಿಸಿ ಅದ್ದಿದಳು. ನೀರು ಕಪ್ಪಾಯಿತು.

"ಏನಕ್ಕ ಇದು?" ಎಂದಳು ತಂಗಿ.

"ನಿನ್ನ ಮಗಳು ಉಸಿರಾಡಬೇಕಾಗಿದ್ದ ಗಾಳಿ. ಈ ಮನೆ ಬೇಡ. ನಾನು ಹೇಳಿದ್ದು ತಪ್ಪಾಯ್ತು."

ತಂಗಿ ಹೊಸ್ತಿಲ ಮೇಲೆ ಕುಸಿದು ಕೂತಳು. "ನಿನ್ನನ್ನ ನಂಬಿ ಇದ್ದ ಮನೇನೂ ಬಿಟ್ಟೆ. ಈಗ ಮಗು ಕಟ್ಟಿಕೊಂಡು ಎಲ್ಲಿಗೆ ಹೋಗಲಿ?"

"ನಮ್ಮನೆಗೆ ಬಾ. ಅಲ್ಲಿನ ಗಾಳಿ ಅಷ್ಟೇನೂ ಚೆನ್ನಾಗಿಲ್ಲ, ಆದರೂ ಇದಕ್ಕಿಂತ ವಾಸಿ. ನಿಮ್ಮ ಭಾವನ ಗೊರಕೆ ಒಂದು ತಡ್ಕೊಂಡರೆ ಆಯ್ತು."

ತಂಗಿಗೆ ನಗು ಬರಲಿಲ್ಲ. ಆದರೂ ಆ ವಾರವೇ ಸಾಮಾನು ಸಮೇತ ಬಂದಳು.

ಕಚೇರಿಯಲ್ಲಿ ಅವಳು ಆ ಯಂತ್ರದ ಬೇಸಿಗೆಯ ತೂಕವನ್ನೆಲ್ಲ ರದ್ದು ಮಾಡಿಸಿದಳು. "ಇದ್ದದ್ದೊಂದು ಒಳ್ಳೇ ಗಾಳಿಯ ಬಡಾವಣೆ, ಅದಕ್ಕೂ ಕಲ್ಲು ಹಾಕಿದಿರಲ್ಲ" ಎಂದು ಗೊಣಗುತ್ತಲೇ ಮೇಲಧಿಕಾರಿ ಸಹಿ ಮಾಡಿದರು. ಟವೆಲ್ ಇಲ್ಲದೆ ಓಡಿದ ಯಂತ್ರದಿಂದ ಬಂದ ಮೊದಲ ಹಾಳೆ ಟಾರು ರಸ್ತೆಯ ಬಣ್ಣಕ್ಕಿತ್ತು. ಅದನ್ನು ತೂಗಿದ ಮೇಲೆ ಒಗೆದ ಟವೆಲನ್ನು ಹಿಂತಿರುಗಿಸಲು ಅವಳೇ ಹೋದಳು.

"ಆವತ್ತು ನಿಮ್ಮ ಜೊತೆ ಎದುರು ಮನೆ ನೋಡೋಕೆ ಬಂದಿದ್ರಲ್ಲ, ನಿಮ್ಮ ತಂಗಿಯವರು, ಯಾವಾಗ ಬರ್ತಾರೆ ಮೇಡಂ?" ಎಂದ ವಾಚ್‌ಮನ್.

"ಬರೋದಿಲ್ಲ. ಇಲ್ಲಿನ ಗಾಳಿ ಮಗುವಿಗೆ ಆಗೋದಿಲ್ಲ."

ಅವನು ಕೆಳಗಡೆಗೆ ಕೈ ತೋರಿಸಿದ. "ನಾವು ಇಲ್ಲೇ ಇರೋದಲ್ವಾ ಮೇಡಂ, ಮೆಟ್ಟಿಲ ಕೆಳಗಿನ ಕೋಣೇಲಿ. ನಮ್ಮವಳಿಗೂ ಕೆಮ್ಮು ಬಿಟ್ಟಿಲ್ಲ."

ಅವಳು ಟವೆಲನ್ನು ಅವನ ಕೈಗಿಟ್ಟಳು. "ಅದಕ್ಕೇ ಇದನ್ನ ಮುಚ್ಚಬೇಡಿ ಅನ್ನೋದು. ಇದು ಧೂಳು ಕುಡಿದ್ರೇನೇ, ನೀವು ಕುಡೀತಿರೋದು ಮೇಲಿನವರಿಗೆ ಗೊತ್ತಾಗೋದು."

ಅವನು ಹೂಂ ಎಂದು ತಲೆಯಾಡಿಸಿ, ಟವೆಲನ್ನು ನೀಟಾಗಿ ಮಡಚಿದ.

"ಹಾಗಾದ್ರೆ ಇದನ್ನ ಅವಳಿಗೇ ಕೊಡ್ತೀನಿ," ಎಂದ, "ಮೂಗಿಗೆ ಕಟ್ಟಿಕೊಳ್ಳಲಿ."