ತಕ್ಕಡಿಯ ಮೂರು ದಿನ

ಜೇವರ್ಗಿಯ ಜೈತುನಬಿಗೆ ನಾವು ಇಟ್ಟ ಹೆಸರು ‘ಗ್ರಾಂ ಬೀ’. ಸಣ್ಣ ಮಕ್ಕಳು ಎಷ್ಟು ಉಣ್ಣುತ್ತಾರೆಂದು ತಿಳಿಯುವ ಸರ್ವೆಗೆ ನನ್ನ ಕೈಕೆಳಗೆ ಆರು ಜನ ಇದ್ದರು. ನೆಲ ಸಮ ಇದೆಯೋ ಇಲ್ಲವೋ ನೋಡದೆ ತಕ್ಕಡಿ ಇಡದವಳು ಅವಳೊಬ್ಬಳೇ. ಮೊದಲು ಖಾಲಿ ಬಟ್ಟಲು, ಆಮೇಲೆ ತುಂಬಿದ್ದು, ಕಡೆಗೆ ಉಂಡು ಉಳಿದದ್ದು. ನೆಲಕ್ಕೆ ಬಿದ್ದ ಅಗುಳನ್ನೂ ಆರಿಸಿ ತೂಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಹತ್ತು ವರ್ಷ ಕಿರಾಣಿ ಅಂಗಡಿಯಲ್ಲಿ ಬೇಳೆ ತೂಗಿದ ಕೈ ಅದು.

ಬರೇ ಬಾಯಿಮಾತಿನಲ್ಲಿ ಕೇಳಿದರೆ ಯಾವ ತಾಯಿಯೂ ಪರರ ಮುಂದೆ ತನ್ನ ಕೂಸು ಉಂಡಿಲ್ಲ ಎನ್ನುವುದಿಲ್ಲ. ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿಕೊಟ್ಟವಳು ನಾನೇ. ಇನ್ನೊಂದು ಜಾಣತನವನ್ನೂ ಕಲಿಸಿದ್ದೆ. ಕೂಸು ಉಣ್ಣುವಾಗ ಎದುರು ಕೂರಬೇಡಿ, ಹೊಸ ಮುಖ ನೋಡಿ ಬೆದರುತ್ತದೆ, ಹೊರಗೆ ಕಟ್ಟೆಯ ಮೇಲೆ ಕೂತಿರಿ ಎಂದಿದ್ದೆ.

ಕೊಳಕೂರಿನ ಗುರುಶಾಂತನಿಗೆ ಒಂದೂವರೆ ವರ್ಷ. ತಾಯಿ ಭಾಗ್ಯಜ್ಯೋತಿ ಬೆಳಿಗ್ಗೆಯೇ ಹತ್ತಿ ಬಿಡಿಸಲು ಹೋಗುತ್ತಿದ್ದಳು; ಉಣಿಸುವುದು ಅಜ್ಜಿ ಸುಭದ್ರಾಬಾಯಿಯ ಪಾಲು. ರೇಷನ್ ಅಕ್ಕಿ ಅರ್ಧ ತಿಂಗಳಿಗೇ ಮುಗಿಯುವ ಮನೆ. ಹಗಲಿಗೆ ಕೂಸಿಗೂ ಮುದುಕಿಗೂ ನೀರಲ್ಲಿ ನೆನೆಸಿದ ರೊಟ್ಟಿ. ತಕ್ಕಡಿ ಬರುವ ಮೂರು ದಿನ ಮಾತ್ರ ಭಾಗ್ಯಜ್ಯೋತಿ ಮರ್ಯಾದೆಗೆ ಅಂಜಿ, ಹೆಸರುಬೇಳೆ ಹಾಕಿ ಮೆತ್ತಗೆ ಅನ್ನ ಕುದಿಸಿ, ತುಪ್ಪ ಬಿಟ್ಟು ಹೋದಳು. ಜೈತುನಬಿ ಬಟ್ಟಲು ತೂಗಿಕೊಟ್ಟು ಕಟ್ಟೆಯ ಮೇಲೆ ಕೂತಳು. ಮೂರು ದಿನವೂ ನೂರಾ ಎಂಬತ್ತು ಗ್ರಾಂ ಒಳಗೆ ಹೋಯಿತು, ಬಟ್ಟಲು ಬರಿದಾಗಿ ಹೊರಗೆ ಬಂತು.

ಮೂರನೇ ದಿನ ಸಂಜೆ ಜೈತುನಬಿ ನನ್ನೆದುರು ಪುಸ್ತಕ ಬಿಚ್ಚಿದಳು.

“ತಕ್ಕಡಿ ಕೂಸು ಉಂಡದ ಅಂತದರಿ ಮೇಡಂ. ಕೂಸಿನ ತೋಳು ಉಂಡಿಲ್ಲ ಅಂತದ.”

ತಕ್ಕಡಿ ಹೇಳಿದ್ದನ್ನು ಬರಿ ಎಂದೆ. ಸೊರಗಿದ ಮಕ್ಕಳ ವಾರ್ಡಿನಲ್ಲಿ ಇದ್ದದ್ದೇ ಐದು ಮಂಚ. ಕಡಿಮೆ ಉಣ್ಣುವವರನ್ನು ಮೊದಲು ಕಳಿಸುವುದು ನಾವೇ ಮಾಡಿಕೊಂಡ ನಿಯಮ. ಗುರುಶಾಂತನ ಹೆಸರು ಪಟ್ಟಿಯ ತಳಕ್ಕೆ ಹೋಯಿತು.

ಇಪ್ಪತ್ತೆರಡನೇ ದಿನಕ್ಕೆ ಅವನು ತೀರಿಹೋದ. ಎರಡು ದಿನದ ಭೇದಿ ತಡೆಯುವಷ್ಟೂ ತ್ರಾಣ ಆ ಮೈಯಲ್ಲಿರಲಿಲ್ಲ.

ನಾವಿಬ್ಬರೂ ಆ ಮನೆಗೆ ಹೋದೆವು. ಮುದುಕಿ ಜೈತುನಬಿಯ ಕೈ ಹಿಡಿದು, ಒಳಗಿದ್ದ ಸೊಸೆಗೆ ಕೇಳಿಸದ ಹಾಗೆ ಹೇಳಿದಳು.

“ಕೂಸು ಬಾಯೇ ತೆರೀಲಿಲ್ಲ ಯವ್ವಾ. ಮಾರಿ ತಿರುವತಿತ್ತು. ಉಳಿಸಿದ್ರ ಸೊಸಿ ಬೈತಾಳಂತ ಒಂದ ತುತ್ತು ಬಾಯಿಗಿ ಹಾಕೊಂಡೆ. ನನಗ ಹಲ್ಲಿಲ್ಲ. ಮೆತ್ತನ ಅನ್ನ ಉಂಡು ಎಷ್ಟ ದಿನ ಆಗಿತ್ತೋ. ಮೂರೂ ದಿನ ನಾನೇ ಉಂಡೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಜೈತುನಬಿ ಬೈಯಲಿಲ್ಲ, ಕೈಯನ್ನೂ ಬಿಡಿಸಿಕೊಳ್ಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ಕಟ್ಟೆಗೂ ಒಳಕೋಣೆಗೂ ನಡುವೆ ಬರೀ ಒಂದು ಗೋಡೆ ಇತ್ತು ಎಂದಷ್ಟೇ ಹೇಳಿದಳು. ಅಲ್ಲಿಗೆ ಮುದುಕಿಯ ಮೇಲಿದ್ದ ಸಿಟ್ಟು ನನ್ನ ಮೇಲೆಯೇ ತಿರುಗಿತು, ಇವತ್ತಿಗೂ ಇಳಿದಿಲ್ಲ.

ಮರುದಿನ ಅವಳು ತಕ್ಕಡಿ ತಂದು ನನ್ನ ಮೇಜಿನ ಮೇಲಿಟ್ಟು ಕೆಲಸ ಬಿಟ್ಟಳು. ಈಗ ಪ್ರತಿ ಗುರುವಾರ ಡಬ್ಬಿಯಲ್ಲಿ ಮೆತ್ತನೆಯ ಅನ್ನ ಕಟ್ಟಿಕೊಂಡು ಕೊಳಕೂರಿಗೆ ಹೋಗುತ್ತಾಳೆ. ಸುಭದ್ರಾಬಾಯಿಯ ಎದುರಿಗೇ ಕೂತು, ಉಣ್ಣು ಆಯಿ ಎಂದು ತುತ್ತು ಹಿಡಿಯುತ್ತಾಳೆ. ಮುದುಕಿ ಮುಖ ತಿರುಗಿಸುತ್ತಾಳೆ, ಬಾಯಿ ತೆರೆಯುವುದಿಲ್ಲ. ಡಬ್ಬಿ ಹೋದಷ್ಟೇ ಭಾರವಾಗಿ ವಾಪಸು ಬರುತ್ತದೆ.