ಕೆಂಪು ಬಾವುಟ ಇಳಿದ ಭಾನುವಾರ

ಮಿಸ್ ಅರ್ಲೀನ್ ಅವರನ್ನು ನಾನು ಮೊದಲು ನೋಡಿದ್ದು ನನಗೆ ಆರು ವರ್ಷವಾಗಿದ್ದಾಗ, ಶಾಲೆಯ ಮೊದಲ ದಿನ, ಗ್ರೀಸ್‌ವುಡ್ ರಸ್ತೆ ಹೆದ್ದಾರಿಗೆ ಸೇರುವ ಜಾಗದಲ್ಲಿ. ಆಗಸ್ಟ್ ತಿಂಗಳ ಕೊನೆಯ ವಾರ. ನಾವು ಆ ರಸ್ತೆಗೆ ಬಂದು ಕೆಲವೇ ದಿನಗಳಾಗಿದ್ದವು. ಈರುಳ್ಳಿ ಕಿತ್ತು ಸಾಲಿನಲ್ಲೇ ಒಣಗಲು ಬಿಟ್ಟಿದ್ದರು. ಬೆಳಗಿನ ತಂಗಾಳಿಗೂ ಅದರ ಘಾಟು ಹತ್ತಿತ್ತು. ಅಮ್ಮನಿಗೆ ಈರುಳ್ಳಿ ವಿಂಗಡಿಸುವ ಷೆಡ್ಡಿಗೆ ಹೊತ್ತಾಗಿತ್ತು. ನನ್ನನ್ನು ಅಂಚೆ ಡಬ್ಬಿಗಳ ಪಕ್ಕ ನಿಲ್ಲಿಸಿ, "ಹಳದಿ ಬಸ್ಸು ಬರುತ್ತೆ ನೊಯೆಮಿ, ಹತ್ಕೋ" ಎಂದಷ್ಟೇ ಹೇಳಿ ಹೋದಳು.

ಒಂದು ದಪ್ಪ ಹಲಗೆಯ ಮೇಲೆ ಏಳು ತಗಡಿನ ಡಬ್ಬಿಗಳು, ರಸ್ತೆಯ ಏಳು ಮನೆಗಳಿಗೆ. ಒಂದಕ್ಕೂ ಬೀಗವಿರಲಿಲ್ಲ. ಬಸ್ಸು ಬಂತು, ಬಾಗಿಲು ತೆರೆಯಿತು. ನಾನು ಹತ್ತಲಿಲ್ಲ. ಆ ಬಸ್ಸಿನ ದಾರಿಯಲ್ಲಿ ನನ್ನದೇ ಮೊದಲ ನಿಲ್ದಾಣ. ಒಳಗೆ ಯಾರೂ ಇರಲಿಲ್ಲ, ಖಾಲಿ ಸೀಟುಗಳನ್ನು ನೋಡಿ ಹೆದರಿಕೆಯಾಯಿತು. ಓಡಿಸುತ್ತಿದ್ದ ಹೆಂಗಸು ಕೆಳಗಿಳಿದರು. ಗಿಡ್ಡ ಆಳು, ಅಗಲ ಭುಜ, ಗಂಡಸರ ಚೌಕಳಿ ಅಂಗಿ. ಬೂದಿ ಬಣ್ಣದ ಕೂದಲನ್ನು ಹಣೆಯ ಮೇಲೆ ಗೆರೆ ಎಳೆದಂತೆ ನೇರ ಕತ್ತರಿಸಿದ್ದರು. ನನ್ನ ಕಡೆ ನೋಡದೆ, ಜೇಬಿನಿಂದ ಒಂದು ಲಕೋಟೆ ತೆಗೆದು ಮೂರನೆಯ ಡಬ್ಬಿಗೆ, ತಮ್ಮ ಮನೆಯದಕ್ಕೆ, ಹಾಕಿದರು.

"ನಂಗೆ ಮೊಣಕೈ ನೋವು ಕಣೇ. ಆ ಕೆಂಪು ಬಾವುಟ ಒಂಚೂರು ಎತ್ತಿಬಿಡು."

ಡಬ್ಬಿಯ ಪಕ್ಕದಲ್ಲಿದ್ದ ತಗಡಿನ ಬಾವುಟವನ್ನು ತುದಿಗಾಲಲ್ಲಿ ನಿಂತು ಎತ್ತಿದೆ. "ಎತ್ತಿದ್ರೆ ಏನಾಗುತ್ತೆ?"

"ಒಳಗೆ ಕಳಿಸೋ ಕಾಗದ ಇದೆ ಅಂತ ಅಂಚೆಯವನಿಗೆ ಅರ್ಧ ಮೈಲಿ ದೂರದಿಂದಾನೇ ಕಾಣುತ್ತೆ."

"ಬೇರೆಯವರಿಗೂ ಕಾಣುತ್ತಲ್ಲ?"

ಅವರು ನಕ್ಕು, ಬಯಲಿನ ಕಡೆ ಕೈಬೀಸಿದರು. "ಬೇರೆಯವರು ಅಂದ್ರೆ ಯಾರು? ನಮ್ಮ ರಸ್ತೆ ಟೋಷ್ ತಾತನ ನಾಯೀನಾ?"

ನಾನೂ ನಕ್ಕೆ. ಬಸ್ಸು ಹತ್ತಿದೆ. ಹನ್ನೆರಡು ವರ್ಷ ಹತ್ತಿದೆ.

ಅರ್ಲೀನ್ ಎಲೋರ್ದಿ ಅವರ ತಾತ ಸಮುದ್ರದಾಚೆಯ ಬಾಸ್ಕ್ ನಾಡಿನಿಂದ ಆರೆಗನ್ ರಾಜ್ಯದ ಈ ಪೂರ್ವದ ಮೂಲೆಗೆ ಕುರಿ ಕಾಯಲು ಬಂದವರು. "ತಾತ ಕುರಿ ಕಾಯ್ದ, ಅಪ್ಪ ಕುರಿ ಕಾಯ್ದ, ನಾನು ನಿಮ್ಮನ್ನ ಕಾಯ್ತೀನಿ. ಕುರಿಗಳೇ ವಾಸಿ, ಸೀಟಿನ ಕೆಳಗೆ ಬಬಲ್‌ಗಮ್ ಅಂಟಿಸಲ್ಲ" ಎನ್ನುತ್ತಿದ್ದರು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಅವರ ಬಸ್ಸು ತಡವಾಗಿ ಬಂದದ್ದಿಲ್ಲ. ಬಸ್ಸು ಓಡಿಸುವ ಆ ಸೀಟು ಬಿಟ್ಟರೆ ಅವರಿಗೆ ತಮ್ಮದು ಎನ್ನುವಂಥದ್ದು ಇನ್ನೇನೂ ಇರಲಿಲ್ಲ.

ರಸ್ತೆಯಲ್ಲಿ ಒಂದು ಪದ್ಧತಿಯಿತ್ತು. ನಾಲ್ಕು ದಿನ ಊರು ಬಿಡುವವರು ಬಟ್ಟೆ ಒಣಹಾಕುವ ಕ್ಲಿಪ್ಪಿನ ಮೇಲೆ ತಮ್ಮ ಹೆಸರು ಬರೆದು ಅರ್ಲೀನ್ ಅವರ ಡಬ್ಬಿಯಲ್ಲಿ ಇಟ್ಟು ಹೋಗುತ್ತಿದ್ದರು. ಅವರು ಬರುವವರೆಗೆ ಅವರ ಅಂಚೆಯನ್ನು ಅರ್ಲೀನ್ ತಮ್ಮ ಮನೆಗೆ ತಂದಿಟ್ಟುಕೊಳ್ಳಬೇಕು. ಬಂದವರು ಒಂದು ಡಜನ್ ಮೊಟ್ಟೆಯನ್ನೋ ಟೊಮೇಟೊವನ್ನೋ ಕೊಟ್ಟು ಕ್ಲಿಪ್ಪು ವಾಪಸು ಒಯ್ಯಬೇಕು. ಅಷ್ಟೇ. ಯಾರೂ ಯಾರನ್ನೂ ಅನುಮಾನಿಸಿದ್ದಿಲ್ಲ.

ಕೊನೆಯ ಮನೆ, ಏಳನೆಯ ಡಬ್ಬಿಯದು, ಬಾಡಿಗೆಯ ಟ್ರೇಲರ್, ಚಕ್ರದ ಮೇಲಿನ ತಗಡಿನ ಮನೆ. ಅಲ್ಲಿ ಎರಡು ಚಳಿಗಾಲ ಟ್ವೈಲಾ ಎನ್ನುವ ಹೆಂಗಸು ಇದ್ದಳು. ಅಮ್ಮನ ಜೊತೆ ಷೆಡ್ಡಿನಲ್ಲೇ ಕೆಲಸ. ಅವಳೂ ಅರ್ಲೀನ್ ಅವರೂ ಒಂದೇ ವರ್ಷ, ಒಂದೇ ತಿಂಗಳಲ್ಲಿ ಹುಟ್ಟಿದವರು. ಇಬ್ಬರೂ ಅರ್ಲೀನ್ ಅವರ ಅಡುಗೆಮನೆಯಲ್ಲಿ ಕೂತು ಒಂದೇ ಕೇಕು ಕತ್ತರಿಸಿದ್ದನ್ನು ನಾನೂ ತಿಂದಿದ್ದೇನೆ. ಒಂದು ಮಾರ್ಚ್‌ನಲ್ಲಿ ಟ್ವೈಲಾ ಯಾರಿಗೂ ಹೇಳದೆ ಹೊರಟುಹೋದಳು. ಅರ್ಲೀನ್ ಅವರ ಡಬ್ಬಿಯಲ್ಲಿ ಅವಳ ಕ್ಲಿಪ್ಪು ಮಾತ್ರ ಇತ್ತು.

"ಕ್ಲಿಪ್ಪು ಇಟ್ಟಿದ್ದಾಳೆ ಅಂದ್ರೆ ಬರ್ತಾಳೆ" ಎಂದು ಅರ್ಲೀನ್ ಅವಳ ಕಾಗದಗಳನ್ನು ಒಂದು ಬೂಟಿನ ಪೆಟ್ಟಿಗೆಯಲ್ಲಿ ಜೋಡಿಸುತ್ತ ಬಂದರು. ವರ್ಷವಾಯಿತು. ಪೆಟ್ಟಿಗೆ ತುಂಬಿತು.

ಅಷ್ಟರಲ್ಲಿ ನಾನು ಓದು ಮುಗಿಸಿ, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳಾಗಿ, ಕೌಂಟಿಯ, ಎಂದರೆ ಜಿಲ್ಲೆಯ, ದಾಖಲೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಮನೆ ಅದೇ ರಸ್ತೆಯಲ್ಲೇ. ಹಾಗಾಗಿ ಮುಂದಿನದೆಲ್ಲ ನಾನು ಕಣ್ಣಾರೆ ಕಂಡದ್ದು, ಇಲ್ಲವೇ ಅರ್ಲೀನ್ ಅವರ ಬಾಯಿಂದಲೇ ಕೇಳಿದ್ದು.

ಶಾಲಾ ಬಸ್ಸು ಓಡಿಸುವವರು ಎರಡು ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರವನ್ನು ರಾಜ್ಯದ ಪರವಾನಗಿ ಕಚೇರಿಗೆ ಕಳಿಸಬೇಕು. ಆ ವರ್ಷ ಫೆಬ್ರವರಿಯಲ್ಲಿ ಒಂದು ಶನಿವಾರ ಸಂಜೆ ಅರ್ಲೀನ್ ಅದನ್ನು ಲಕೋಟೆಗೆ ಹಾಕಿ, ಜೊತೆಗೆ ಪರವಾನಗಿಯ ನಕಲು, ಸಹಿ, ಹುಟ್ಟಿದ ದಿನ ಎಲ್ಲ ಇಟ್ಟು ಡಬ್ಬಿಗೆ ಹಾಕಿದರು. ಬೆಳಗ್ಗೆ ಐದಕ್ಕೇ ಬಸ್ಸಿಗೆ ಹೋಗುವವರು ಅವರು; ಮುಂಚೆಯೇ ಬಾವುಟ ಎತ್ತಿಡುವುದು ಅವರ ಅಭ್ಯಾಸ. ಸೋಮವಾರವೂ ಅಂಚೆಗೆ ರಜೆ ಎನ್ನುವುದು ಮರೆತಿತ್ತು.

ಭಾನುವಾರ ಮಧ್ಯಾಹ್ನ ಟೋಷ್ ತಾತ ನಾಯಿ ತಿರುಗಾಡಿಸಲು ಬಂದವರು ಕೂಗಿ ಹೇಳಿದರು, "ಅರ್ಲೀನ್, ನಿನ್ನ ಬಾವುಟ ಕೆಳಗೆ ಬಿದ್ದಿದೆ!"

"ಗಾಳಿ ಇರ್ಬೇಕು ತಾತ."

"ಗಾಳಿಗೆ ನಿನ್ನದೊಂದೇ ಇಷ್ಟವಾಯ್ತಾ? ನನ್ನದು ನಿಂತೇ ಇದೆ."

ಅರ್ಲೀನ್ ಹೋಗಿ ಬಾವುಟವನ್ನು ಮತ್ತೆ ಎತ್ತಿಟ್ಟು ಬಂದರು. ಡಬ್ಬಿ ತೆರೆದು ನೋಡಲಿಲ್ಲ. ಅಂಚೆಯವನು ಭಾನುವಾರ ಬರುವುದಿಲ್ಲ. ಅವನು ಬಾರದ ದಿನ ಒಳಗಿನದು ಒಳಗೇ ಇರುತ್ತದೆ. ನಮ್ಮ ರಸ್ತೆಯಲ್ಲಿ ಯಾರಾಗಿದ್ದರೂ ಹಾಗೇ ಮಾಡುತ್ತಿದ್ದರು.

ಮಾರ್ಚ್‌ನಲ್ಲಿ ಎಲ್ಲರ ಡಬ್ಬಿಗೂ ಬೀಜದ ಕಂಪನಿಗಳ ಬಣ್ಣದ ಪುಸ್ತಕಗಳು ಬಂದವು. ಅರ್ಲೀನ್ ಅವರದು ಖಾಲಿ. ಮರುವಾರವೂ ಖಾಲಿ. ಜಾಹೀರಾತಿನ ಚೀಟಿ ಕೂಡ ಇಲ್ಲ.

"ನಿನ್ನನ್ನ ಸತ್ತಿದ್ದಾಳೆ ಅಂತ ಬರ್ಕೊಂಡ್ರೇನೋ" ಎಂದು ಟೋಷ್ ತಾತ ಛೇಡಿಸಿದರು.

"ಸತ್ತವರಿಗೂ ಆ ಚೀಟಿಗಳು ಬರ್ತವೆ. ನನ್ನ ಗಂಡನಿಗೆ ಹತ್ತು ವರ್ಷ ಬಂದ್ವು" ಎಂದರು ಅರ್ಲೀನ್. ನಗುತ್ತಲೇ ಹೇಳಿದರು, ಆದರೆ ಆಮೇಲೆ ಬಹಳ ಹೊತ್ತು ತೆರೆದ ಡಬ್ಬಿಯೊಳಗೆ ನೋಡುತ್ತ ನಿಂತಿದ್ದರು.

ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಏಪ್ರಿಲ್‌ನ ಎರಡನೆಯ ವಾರ ಶಾಲಾ ಬಸ್ ಡಿಪೋದ ಮೇಲ್ವಿಚಾರಕ ಡ್ವೈಟ್ ಅರ್ಲೀನ್ ಅವರನ್ನು ಒಳಗೆ ಕರೆದು ಬಾಗಿಲು ಹಾಕಿದ. ನೆವಾಡ ರಾಜ್ಯದ ಒಂದು ಊರಿನಲ್ಲಿ ಅರ್ಲೀನ್ ಎಲೋರ್ದಿ ಎನ್ನುವವರು ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದಿದ್ದರು. ನ್ಯಾಯಾಲಯಕ್ಕೆ ಹಾಜರಾಗಿರಲಿಲ್ಲ. ಪರವಾನಗಿ ಅಮಾನತಾಗಿತ್ತು, ಬಂಧನದ ಆದೇಶ ಹೊರಟಿತ್ತು.

"ಆವತ್ತು ನಾನು ನಿನ್ನ ಕಣ್ಣೆದುರೇ ಬಸ್ಸು ತೊಳೀತಿದ್ದೆ ಡ್ವೈಟ್."

"ನಂಗೆ ಗೊತ್ತು ಅರ್ಲೀನ್. ಆದ್ರೆ ಕಾಗದಕ್ಕೆ ಗೊತ್ತಿಲ್ಲ. ಕೀಲಿ ಕೊಟ್ಬಿಡು. ಆಗಸ್ಟ್ ಕೊನೆಗೆ ಶಾಲೆ ಶುರುವಾಗೋ ಮೊದಲು ಸರಿಯಾಗದಿದ್ರೆ ನಿನ್ನ ಬಸ್ಸು ಬೇರೆಯವರಿಗೆ ಹೋಗುತ್ತೆ. ನನ್ನ ಕೈಲಿಲ್ಲ."

ಅರ್ಲೀನ್ ಕೀಲಿ ಕೊಟ್ಟು, ಪೊಲೀಸರ ಕಣ್ಣಿಗೆ ಬಿದ್ದರೆ ಹಿಡಿಯುತ್ತಾರೆಂದು ತಮ್ಮ ಗಾಡಿಯನ್ನು ಅಲ್ಲೇ ಬಿಟ್ಟು, ಆರು ಮೈಲಿ ನಡೆದು ಮನೆಗೆ ಬಂದರು. ಮರುದಿನ ಬೇರೆಯವರು ಓಡಿಸುವ ಬಸ್ಸು ಏಳು ನಿಮಿಷ ತಡವಾಗಿ ಬಂತು. ಡಬ್ಬಿಗಳ ಹತ್ತಿರ ಮಗುವನ್ನು ಬಿಡಲು ಬಂದಿದ್ದ ಒಬ್ಬ ತಾಯಿ ಅರ್ಲೀನ್ ಅವರ ಮುಖದ ಹತ್ತಿರ ಬಂದು ಮಾತಾಡಿಸಿ, ಮೆಲ್ಲಗೆ ಮೂಸಿದಳು. ಅರ್ಲೀನ್ ಅದನ್ನು ಕಂಡರು. ಅಂದಿನಿಂದ ಬೆಳಗ್ಗೆ ಡಬ್ಬಿಗಳ ಕಡೆ ಬರುವುದನ್ನೇ ಬಿಟ್ಟರು.

ನಾನು ಕಚೇರಿಯಲ್ಲಿ ಇದ್ದಬದ್ದ ಸುತ್ತೋಲೆಗಳನ್ನೆಲ್ಲ ಓದಿ, ರಜೆ ಹಾಕಿ, ಅವರನ್ನು ನನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೊರಟೆ. ಮೊದಲು ಅಂಚೆ ಕಚೇರಿ. ಯಾರೋ ಅವರ ಹೆಸರಿನಲ್ಲಿ ವಿಳಾಸ ಬದಲಾವಣೆಯ ಅರ್ಜಿ ಹಾಕಿದ್ದರು. ಅಂಚೆಯೆಲ್ಲ ಬೇರೆ ಊರಿಗೆ ಹೋಗುತ್ತಿತ್ತು. ಅರ್ಜಿ ನಿಮ್ಮದೇ ತಾನೇ ಎಂದು ಕೇಳುವ ಪತ್ರವನ್ನು ಹಳೆಯ ವಿಳಾಸಕ್ಕೆ ಕಳಿಸಿದ್ದರಂತೆ. ಅದೂ ಬಂದದ್ದು ಆ ಬೀಗವಿಲ್ಲದ ಡಬ್ಬಿಗೇ; ಅರ್ಲೀನ್ ನೋಡುವ ಮೊದಲೇ ಯಾರೋ ಎತ್ತಿದ್ದರು. ಅರ್ಜಿ ರದ್ದು ಮಾಡಿಸಿದೆವು. ಫೆಬ್ರವರಿಯ ಆ ಲಕೋಟೆ ಪರವಾನಗಿ ಕಚೇರಿಗೆ ತಲುಪಿಯೇ ಇರಲಿಲ್ಲ, ಪ್ರಮಾಣಪತ್ರವನ್ನು ಮತ್ತೆ ಕಳಿಸಿದೆವು. ಅವರ ಹೆಸರಲ್ಲಿ ಯಾರೂ ಹೊಸ ಸಾಲ ತೆಗೆಯದಂತೆ ತಡೆ ಹಾಕಿಸಿದೆವು. ಪೊಲೀಸ್ ಕೆಲಸ ನೋಡುವ ಶೆರಿಫ್ ಕಚೇರಿಯಲ್ಲಿ ದೂರು ಕೊಟ್ಟು, ಹತ್ತು ಬೆರಳಿನ ಗುರುತು ಒತ್ತಿ, ನೆವಾಡದಲ್ಲಿ ಸಿಕ್ಕಿಬಿದ್ದವಳ ಬೆರಳಿನ ಗುರುತು, ಫೋಟೋ ಎರಡನ್ನೂ ತರಿಸಬೇಕೆಂದು ಬರೆದುಕೊಟ್ಟೆವು.

ಫೋಟೋ ಮೇ ತಿಂಗಳ ಕೊನೆಗೆ ಬಂತು. ಶೆರಿಫ್ ಕಚೇರಿಯ ಡೆಪ್ಯುಟಿ ಅದನ್ನು ಮೇಜಿನ ಮೇಲೆ ತಿರುಗಿಸಿಟ್ಟ. ಒಂದು ಕ್ಷಣ ಅದು ಅರ್ಲೀನ್ ಅವರೇ ಎಂದುಕೊಂಡೆ. ಅದೇ ಬೂದಿ ಬಣ್ಣದ ಕೂದಲು, ಹಣೆಯ ಮೇಲೆ ಗೆರೆ ಎಳೆದಂತೆ ನೇರ ಕತ್ತರಿಸಿದ್ದು.

"ಟ್ವೈಲಾ" ಎಂದರು ಅರ್ಲೀನ್. ಆಮೇಲೆ, ತಮಗೇ ಹೇಳಿಕೊಳ್ಳುವಂತೆ, "ಅವಳದು ಕೆಂಚು ಕೂದಲು. ಉದ್ದ ಇತ್ತು. ನನ್ನ ಹಾಗೆ ಕತ್ತರಿಸ್ಕೊಂಡಿದ್ದಾಳೆ."

ಡೆಪ್ಯುಟಿಗೆ ಬೂಟಿನ ಪೆಟ್ಟಿಗೆಯ ವಿಷಯ ನಾನೇ ಹೇಳಿದೆ. ತರುವಾಗ ದಾರಿಯಲ್ಲಿ, "ಒಂದು ಸಲ ಒಳಗೆ ನೋಡೋಣ ಮಿಸ್ ಅರ್ಲೀನ್. ಅವಳೆಲ್ಲಿದ್ದಾಳೆ ಅಂತ ಗೊತ್ತಾಗಬಹುದು" ಎಂದೆ.

"ಇನ್ನೊಬ್ಬರ ಕಾಗದ ಒಡೀಬಾರ್ದು."

"ಅವಳು ನಿಮ್ಮದು ಒಡೆದಳಲ್ಲ?"

"ಅದಕ್ಕೇ ಹೇಳ್ತಿರೋದು."

ಒಂದನ್ನೂ ಒಡೆಯದೆ, ಮೇಲೆ ಆ ಕ್ಲಿಪ್ಪನ್ನೂ ಇಟ್ಟು, ಪೆಟ್ಟಿಗೆಯನ್ನು ಡೆಪ್ಯುಟಿಗೆ ಒಪ್ಪಿಸಿ, ಫೋಟೋದಲ್ಲಿರುವವಳು ಟ್ವೈಲಾ ಎಂದು ಬರೆದು ಸಹಿ ಹಾಕಿದರು. "ಈ ಸಹಿ ಹಾಕೋದೂ ಅವಳಿಗೆ ಬರುತ್ತೆ ಈಗ" ಎಂದರು.

ಟ್ವೈಲಾ ಎಲ್ಲೋ ದೂರದ ನೆವಾಡದಲ್ಲಿ ಇದ್ದಾಳೆ ಎಂದುಕೊಂಡೇ ನಾವು ಜೂನ್ ಕಳೆದೆವು. ಟೋಷ್ ತಾತ ಸೊಂಟದ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದರು. ಎಂಬತ್ತನಾಲ್ಕು ವರ್ಷದ ಅವರ ಹೃದಯದ ಔಷಧಿ ಅಂಚೆಯಲ್ಲೇ ಬರುತ್ತಿತ್ತು. ಹೋಗುವಾಗ ಎಂದಿನಂತೆ ಕ್ಲಿಪ್ಪಿನ ಮೇಲೆ ಹೆಸರು ಬರೆದು ಅರ್ಲೀನ್ ಅವರ ಡಬ್ಬಿಯಲ್ಲಿ ಇಟ್ಟು ಹೋದರು. ಬಾಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಅರ್ಲೀನ್ ಮಧ್ಯಾಹ್ನ ಡಬ್ಬಿ ತೆರೆದಾಗ ಕ್ಲಿಪ್ಪು ಇರಲಿಲ್ಲ. ಹಾಗಾಗಿ ತಾತ ಹೋದದ್ದೇ ಅವರಿಗೆ ತಿಳಿಯಲಿಲ್ಲ. ವಾರ ಕಳೆದು ಮನೆಗೆ ಬಂದ ತಾತ, "ಎಲ್ಲಿ ನನ್ನ ಮಾತ್ರೆ?" ಎಂದಾಗ ಅರ್ಲೀನ್ ಡಬ್ಬಿಗಳ ಕಡೆ ಓಡಿದರು. ತಾತನ ಡಬ್ಬಿಯಲ್ಲಿ ಔಷಧಿಯ ಪೊಟ್ಟಣ ಇರಲಿಲ್ಲ. ಬದಲಿ ಮಾತ್ರೆ ಬರುವ ಮೂರು ದಿನದಲ್ಲಿ ಅವರ ಎದೆಬಡಿತ ಏರುಪೇರಾಗಿ ಮತ್ತೆ ಆಸ್ಪತ್ರೆ ಸೇರಿಸಬೇಕಾಯಿತು.

ಕ್ಲಿಪ್ಪಿನ ಅರ್ಥ ಗೊತ್ತಿದ್ದದ್ದು ಈ ರಸ್ತೆಯಲ್ಲಿ ಬದುಕಿದವರಿಗೆ ಮಾತ್ರ.

ಅರ್ಲೀನ್ ಅವರಿಗೆ ಅಂದು ಬಂದ ಸಿಟ್ಟನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ತಮ್ಮ ಹೆಸರು ಕೆಟ್ಟಾಗ ತಲೆ ತಗ್ಗಿಸಿ ಮನೆಯೊಳಗೆ ಕೂತವರು ಈಗ ಉಳಿದ ಐದೂ ಮನೆಯ ಬಾಗಿಲು ತಟ್ಟಿದರು. ಉಕ್ಕಿನ, ಬೀಗವಿರುವ ಪೆಟ್ಟಿಗೆಗಳ ಒಂದೇ ಕಂಬ ಹಾಕಿಸಬೇಕು. ಕಳಿಸುವ ಕಾಗದವನ್ನು ಯಾರೂ ಇಲ್ಲಿ ಇಡಕೂಡದು, ಅಂಚೆ ಕಚೇರಿಯ ಒಳಗೇ ಹಾಕಬೇಕು. ಊರಿಗೆ ಹೋಗುವವರು ಕ್ಲಿಪ್ಪು ಇಡದೆ ಕದ ತಟ್ಟಿ ಹೇಳಬೇಕು ಎಂದರು.

"ನಲವತ್ತೇಳು ವರ್ಷದಿಂದ ಬೀಗ ಇಲ್ದೆ ಬದುಕಿದೀನಿ" ಎಂದು ಟೋಷ್ ತಾತ ಹಾಸಿಗೆಯಿಂದಲೇ ಗೊಣಗಿದರು.

"ಇನ್ನೊಂದು ಸಲ ಮಾತ್ರೆ ಕಳೆದ್ರೆ ನಲವತ್ತೆಂಟು ಆಗಲ್ಲ ಮುದುಕ."

"ಬೀಗದ ಕೈ ಕಳ್ಕೊಂಡ್ರೆ?"

"ನಿನ್ನ ನಾಯಿ ಕೊರಳಿಗೆ ಕಟ್ತೀನಿ."

ತಾತ ಒಪ್ಪಿದರು. ಹಲಗೆ ಕೀಳುವಾಗ ಏಳನೆಯ ಡಬ್ಬಿಯ ಒಳಗೆ ಟೋಷ್ ತಾತನ ಕ್ಲಿಪ್ಪು ಸಿಕ್ಕಿತು. ಯಾರೂ ಇಲ್ಲದ ಟ್ರೇಲರಿನ ಡಬ್ಬಿ ಅದು, ಟ್ವೈಲಾಳಿಗೆ ಕಾಗದ ಬರುವುದು ನಿಂತ ಮೇಲೆ ಅಂಚೆಯವನೂ ತೆರೆಯುತ್ತಿರಲಿಲ್ಲ. ಅರ್ಲೀನ್ ಅದನ್ನು ಕರವಸ್ತ್ರದಲ್ಲಿ ಸುತ್ತಿ ಡೆಪ್ಯುಟಿಗೆ ಕೊಟ್ಟರು. ರಸ್ತೆಯ ಅಂಚಿನ ಮಣ್ಣಿನಲ್ಲಿ ಗಾಡಿಯೊಂದು ನಿಂತು ತಿರುಗಿದ ಗುರುತಿತ್ತು. ನಮ್ಮ ಯಾರ ಗಾಡಿಯ ಚಕ್ರವೂ ಅಷ್ಟು ಸಣ್ಣದಿರಲಿಲ್ಲ.

ಬೆರಳಿನ ಗುರುತು ಬೇರೆ ಎಂದು ಆಗಸ್ಟ್‌ನಲ್ಲಿ ಖಚಿತವಾಯಿತು. ನ್ಯಾಯಾಧೀಶರು ಬಂಧನದ ಆದೇಶವನ್ನೂ ಪರವಾನಗಿಯ ಅಮಾನತನ್ನೂ ರದ್ದು ಮಾಡಿ, ಆ ಅಪರಾಧ ಇವರದಲ್ಲ ಎಂದು ಮುದ್ರೆಯೊತ್ತಿದ ಪತ್ರ ಕೊಟ್ಟರು. ಶಾಲೆ ಶುರುವಾಗುವ ಹಿಂದಿನ ದಿನ ಡ್ವೈಟ್ ಕೀಲಿಯನ್ನು ವಾಪಸು ಕೊಟ್ಟ. ಮೂಸಿದ್ದ ಆ ತಾಯಿ ಮೊದಲ ದಿನ ಕಾಫಿ ತಂದು ಕೊಟ್ಟಳು. ಅರ್ಲೀನ್ ತೆಗೆದುಕೊಂಡರು, ಕುಡಿಯಲಿಲ್ಲ.

ಟ್ವೈಲಾ ಇನ್ನೂ ಸಿಕ್ಕಿಲ್ಲ. ಈ ಜನವರಿಯಲ್ಲಿ ಪಕ್ಕದ ರಾಜ್ಯ ಐಡಹೊದ ಒಂದು ಆಸ್ಪತ್ರೆಯಿಂದ ಅರ್ಲೀನ್ ಅವರ ಹೆಸರಿಗೆ, ಅವರದೇ ಹುಟ್ಟಿದ ದಿನಾಂಕ ನಮೂದಿಸಿದ ಒಂದು ಪತ್ರ ಬಂತು. ಮುರಿದ ಮಣಿಕಟ್ಟಿಗೆ ಹಾಕಿದ ಪಟ್ಟಿಯನ್ನು ಬಿಚ್ಚಿಸಿಕೊಳ್ಳಲು ಬರಬೇಕು ಎಂದಿತ್ತು. ಅರ್ಲೀನ್ ತಮ್ಮ ಎರಡೂ ಮಣಿಕಟ್ಟುಗಳನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಆಸ್ಪತ್ರೆಗೂ ಡೆಪ್ಯುಟಿಗೂ ಫೋನು ಮಾಡಿದರು. ಐಡಹೊ ಇಲ್ಲಿಂದ ನದಿಯ ಆಚೆ ದಡ.

ಈಗ ಮಿಸ್ ಅರ್ಲೀನ್ ಬೆಳಗ್ಗೆ ಐದಕ್ಕೆ, ಪೊಲೀಸರು ತಡೆದರೆ ತೋರಿಸಲು, ನ್ಯಾಯಾಧೀಶರ ಪತ್ರವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಶಾಲೆಯ ಬಸ್ಸು ಓಡಿಸುತ್ತಾರೆ. ಮಧ್ಯಾಹ್ನ ಅಂಚೆ ಬರುವ ಹೊತ್ತಿಗೆ ಡಬ್ಬಿಗಳ ಎದುರು ನಿಂತಿರುತ್ತಾರೆ, ಊರಲ್ಲಿಲ್ಲದವರ ಕಾಗದವನ್ನು ಮನೆಗೆ ಒಯ್ಯುತ್ತಾರೆ, ಟೋಷ್ ತಾತನ ಔಷಧಿಯನ್ನು ಅವರ ಕೈಗೇ ಕೊಡುತ್ತಾರೆ.