ಮೆಣಸಿನಕಾಯಿ ಕಲಿಸಿದ ಹುಡುಗಿ

ಮಕ್ಕಳೇ, ನೀವು ಹುಟ್ಟುವ ಮೊದಲು ನಮ್ಮ ಗೋಪನಕೊಪ್ಪದ ಮನೆಯ ಮಾಳಿಗೆ ಕೋಣೆಯಲ್ಲಿ ಎಂ.ಟೆಕ್ ಓದುವ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಹಾಲು ಉಕ್ಕಿದರೂ ಸರಿ, ಜಡೆಯನ್ನು ಹಿಂದಕ್ಕೆಸೆದು "ಇನ್ನೊಮ್ಮೆ ಮಾಡೂಣ್ರಿ" ಎನ್ನುತ್ತಿದ್ದಳು.

ಫೋಟೋ ನೋಡಿ ಒಳ್ಳೆಯ ಮೆಣಸಿನಕಾಯಿ ಯಾವುದು, ಕೆಟ್ಟದ್ದು ಯಾವುದು ಎಂದು ಹೇಳಲು ಅವಳು ಕಂಪ್ಯೂಟರಿಗೆ ಕಲಿಸುತ್ತಿದ್ದಳು. ಶಿರಗುಪ್ಪಿಯಲ್ಲಿ ಕಾಯಿ ಆರಿಸುತ್ತಲೇ ಬೆಳೆದವಳು ನಾನು. ವಾರವಿಡೀ ನಾನು ಆರಿಸಿಟ್ಟೆ, ಅವಳು ಫೋಟೋ ತೆಗೆದಳು.

ಪರೀಕ್ಷಕರಿಗೆ ತೋರಿಸಲು ಎರಡೇ ದಿನ ಉಳಿದಿತ್ತು. ಕಲಿತದ್ದನ್ನು ನೋಡೋಣವೆಂದು ಅವಳು ಮೊರದಲ್ಲಿಟ್ಟು ತೋರಿಸಿದ ಕೊಳೆತ ಕಾಯಿಯನ್ನೂ ಕಂಪ್ಯೂಟರು ಒಳ್ಳೆಯದೆಂದಿತು. ಅವಳು ಹಳೆಯ ಫೋಟೋಗಳನ್ನೆಲ್ಲ ನೋಡಿ ನಕ್ಕಳು.

"ಅಜ್ಜಿ, ನೀವು ಛಲೋ ಕಾಯಿ ಮೊರದಾಗ, ಕೆಟ್ಟದ್ದು ಗೋಣಿಚೀಲದ ಮ್ಯಾಲ ಇಟ್ಟೀರಿ. ಅದು ಕಾಯಿ ನೋಡೇ ಇಲ್ಲ, ಮೊರ ನೋಡಿ ಹೇಳಾಕತ್ತೇತಿ."

"ನನ್ನಿಂದ ನಿನ್ನ ಪರೀಕ್ಷಾ ಕೆಡ್ತಲ್ಲಾ ಯವ್ವಾ."

"ನಿಮ್ಮಷ್ಟು ಶಾಣ್ಯಾ ಇಲ್ಲ ಬಿಡ್ರಿ ಅದು. ಇನ್ನೊಮ್ಮೆ ಮಾಡೂಣ್ರಿ."

ನಿಮ್ಮ ಅಜ್ಜನ ಬಿಳಿ ಧೋತರ ಹಾಸಿ, ಎಲ್ಲ ಕಾಯಿಗಳನ್ನೂ ಅದರ ಮೇಲೇ ಇಟ್ಟು ಮತ್ತೆ ಫೋಟೋ ತೆಗೆದೆವು. ಈ ಸಲ ಕಂಪ್ಯೂಟರು ಕಾಯಿಯನ್ನೇ ನೋಡಿ ಸರಿಯಾಗಿ ಹೇಳಿತು. ಅವಳು ಪಾಸಾಗಿ ಕೋಣೆ ಬಿಟ್ಟು ಹೋದಳು.

ಈಗಲೂ ಕಾಯಿ ಆರಿಸುವಾಗ ಅದೇ ಧೋತರ ಹಾಸುತ್ತೇನೆ. ಅವಳ ಫೋಟೋಗೆ ಬೇಕಾದೀತೇನೋ ಎಂಬಂತೆ ಕೆಟ್ಟದ್ದನ್ನು ಎಸೆಯದೆ ಪಕ್ಕದಲ್ಲಿಟ್ಟು, ಮಾಳಿಗೆಯ ಮೆಟ್ಟಿಲ ಕಡೆ ಒಮ್ಮೆ ನೋಡುತ್ತೇನೆ.